ಒಂದು ಲೀಟರ್ ಪೆಟ್ರೋಲಿಗೆ ಒಂಬತ್ತು ಸಾವಿರ ಲೀಟರ್ ಗಾಳಿ

ಬೈಕ್ ಇಟ್ಟುಕೊಂಡವರೆಲ್ಲ ಪೆಟ್ರೋಲಿನ ಲೆಕ್ಕ ಇಡುತ್ತಾರೆ. ಗಾಳಿ ಪುಕ್ಕಟೆ ಸಿಗುವುದರಿಂದ ಅದರ ಲೆಕ್ಕ ಯಾರಿಗೂ ಬೇಡ. ಆದರೆ ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಬೇಕಾದರೆ ಸುಮಾರು 14.7 ಕಿಲೋ ಗಾಳಿ ಬೇಕು. ಒಂದು ಲೀಟರ್ ಪೆಟ್ರೋಲ್ ತೂಗುವುದು ಹೆಚ್ಚುಕಡಿಮೆ ಮುಕ್ಕಾಲು ಕಿಲೋ. ಅದಕ್ಕೆ ಬೇಕಾಗುವ ಗಾಳಿ ಹನ್ನೊಂದು ಕಿಲೋ, ಅಂದರೆ ಸುಮಾರು 9,000 ಲೀಟರ್. ಲೀಟರಿಗೆ 45 ಕಿಲೋಮೀಟರ್ ಕೊಡುವ ಬೈಕು 10,000 ಕಿಲೋಮೀಟರ್ ಓಡುವಷ್ಟರಲ್ಲಿ 20 ಲಕ್ಷ ಲೀಟರ್ ಗಾಳಿ ಎಳೆದುಕೊಂಡಿರುತ್ತದೆ.

ಆ ಗಾಳಿ ಮಂಗಳೂರಿನ ಅತ್ತಾವರದ್ದಾದರೆ ಅದರ ಜೊತೆ ಇನ್ನೂ ಕೆಲವು ಒಳಗೆ ಹೋಗಲು ಕಾದಿರುತ್ತವೆ. ಮಳೆಗಾಲ ಮುಗಿದು ನೆಲ ಒಣಗಿತೆಂದರೆ ಇಲ್ಲಿ ಏಳುವುದು ಕೆಂಪು ಧೂಳು. ಕೆಎಂಸಿ ಆಸ್ಪತ್ರೆಯ ಆಸುಪಾಸಿನಲ್ಲಾಗಲಿ ಬಾಬುಗುಡ್ಡೆಯ ಏರಿನಲ್ಲಾಗಲಿ ಒಂದು ಹಳೇ ಹಂಚಿನ ಮನೆ ಕೆಡವಿ ಫ್ಲಾಟಿಗೆ ಪಾಯ ತೋಡಿದರೆ ಸಾಕು, ಕೆಂಪುಕಲ್ಲಿನ ಪುಡಿ ಬೀದಿಗೆ ಬೀಳುತ್ತದೆ. ಅದಕ್ಕೆ ಸಿಮೆಂಟು, ಮರಳು ಸೇರುತ್ತವೆ. ಕೆಂಪುಕಲ್ಲಿನಲ್ಲಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳ ಜೊತೆ ಸ್ಫಟಿಕದ ಕಣಗಳೂ ಇರುತ್ತವೆ. ಗಡಸುತನ ಅಳೆಯುವ ಮೋಸ್ ಮಾಪನದಲ್ಲಿ ಸ್ಫಟಿಕಕ್ಕೆ 7. ಹಳೇ ಬೈಕುಗಳ ಸಿಲಿಂಡರಿನ ಒಳಗೋಡೆ ಸಾಮಾನ್ಯವಾಗಿ ಎರಕದ ಕಬ್ಬಿಣದ್ದು, ಸ್ಫಟಿಕಕ್ಕಿಂತ ಮೆದು.

ಪಿಸ್ಟನ್ ರಿಂಗಿಗೂ ಸಿಲಿಂಡರಿನ ಗೋಡೆಗೂ ನಡುವೆ ಇರುವ ಎಣ್ಣೆಯ ಪದರ ಕೆಲವೇ ಮೈಕ್ರಾನ್ ದಪ್ಪ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಹೆಚ್ಚು ಸವೆತ ಮಾಡುವುದು 5ರಿಂದ 20 ಮೈಕ್ರಾನಿನ ಕಣಗಳು. ನಮ್ಮ ಕೂದಲು 50ರಿಂದ 70 ಮೈಕ್ರಾನ್ ಇರುವುದರಿಂದ ಈ ಕಣಗಳು ಬಿಡಿಬಿಡಿಯಾಗಿ ಕಣ್ಣಿಗೆ ಬೀಳುವುದಿಲ್ಲ. ಎರಡು ಗ್ರಾಂ ಒಳಗೆ ಹೋದರೂ ಅವು ಸಾಣೆ ಹಿಡಿಯುವ ಕೆಲಸ ಶುರು ಮಾಡುತ್ತವೆ. ಧೂಳೆದ್ದ ರಸ್ತೆಯ ಒಂದು ಘನಮೀಟರ್ ಗಾಳಿಯಲ್ಲಿ ಒಂದು ಮಿಲಿಗ್ರಾಂ ಪುಡಿ ಇದೆ ಎಂದು ಹಿಡಿದರೆ, ಮೇಲೆ ಹೇಳಿದ 20 ಲಕ್ಷ ಲೀಟರಿನಲ್ಲಿ ಅಷ್ಟೇ ಸಿಗುತ್ತದೆ.

ಟೂ ಸ್ಟ್ರೋಕ್ ಬೈಕಿಗೆ ಪೆಟ್ಟು ಇನ್ನೂ ಜೋರು. ಇದರಲ್ಲಿ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣ ನೇರ ಸಿಲಿಂಡರಿಗೆ ಹೋಗುವುದಿಲ್ಲ, ಮೊದಲು ಕ್ರ್ಯಾಂಕ್ ಕೇಸಿಗೆ ಇಳಿದು ಆಮೇಲೆ ಮೇಲೇರುತ್ತದೆ. ಹಾಗಾಗಿ ಧೂಳು ರಿಂಗಿಗಿಂತ ಮುಂಚೆ ಕ್ರ್ಯಾಂಕಿನ ಬೇರಿಂಗುಗಳನ್ನು ಮುಟ್ಟುತ್ತದೆ. ನಮ್ಮ ಕಡೆ ಜನ ಇನ್ನೂ ಜೋಪಾನ ಮಾಡಿಟ್ಟಿರುವ ಎರಡು ಗಾಡಿಗಳು ಇದೇ ಜಾತಿಯವು: 1985ರಲ್ಲಿ ಬಂದ ಯಮಹಾ ಆರ್‌ಎಕ್ಸ್ 100 ಮತ್ತು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ. ಆರ್‌ಎಕ್ಸ್ 100ರ ತಯಾರಿಕೆ ನಿಂತದ್ದು 1996ರಲ್ಲಿ. ಮೈಸೂರಿನ ಕಾರ್ಖಾನೆಗೆ ಬೀಗ ಬಿದ್ದದ್ದೂ ಅದೇ ವರ್ಷ. ಇವುಗಳಿಗೆ ಏರ್ ಫಿಲ್ಟರ್ ಕೇಳಿಕೊಂಡು ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದರೆ “ಒರಿಜಿನಲ್ ಎಲ್ಲಿಂದ ಬರಬೇಕು ಮಾರಾಯ್ರೇ, ಇದನ್ನೇ ಹಾಕಿ” ಎಂಬ ಉತ್ತರ ಮಾಮೂಲು. ಕೈಗೆ ಬಂದ ‘ಇದು’ ಆಗುತ್ತದೋ ಇಲ್ಲವೋ ಎಂದು ತೀರ್ಮಾನಿಸಬೇಕಾದರೆ ಫಿಲ್ಟರ್ ಹೇಗೆ ಕೆಲಸ ಮಾಡುತ್ತದೆಂದು ಗೊತ್ತಿರಬೇಕು.

ಆರ್‌ಎಕ್ಸ್ 100ರಲ್ಲಿರುವುದು ಎಣ್ಣೆ ಹಚ್ಚಿದ ಸ್ಪಂಜು. ಅದನ್ನು ಬೆಳಕಿಗೆ ಹಿಡಿದರೆ ತೂತುಗಳು ಕಣ್ಣಿಗೇ ಕಾಣುತ್ತವೆ. ಹತ್ತು ಮೈಕ್ರಾನಿನ ಕಣ ಅದರಲ್ಲಿ ಸಲೀಸಾಗಿ ತೂರಿಹೋಗಬೇಕು. ಹೋಗುವುದಿಲ್ಲ, ಏಕೆಂದರೆ ಫಿಲ್ಟರ್ ಜರಡಿ ಅಲ್ಲ. ಸ್ಪಂಜಿನೊಳಗೆ ಗಾಳಿ ನೂರಾರು ತಿರುವು ತೆಗೆದುಕೊಳ್ಳುತ್ತದೆ. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಬಸ್ಸು ತಿರುಗಿದಾಗ ನಿಂತ ಪ್ರಯಾಣಿಕರು ಪಕ್ಕಕ್ಕೆ ವಾಲಿ ಕಂಬಿಗೆ ಬಡಿದುಕೊಳ್ಳುವಂತೆ, ಗಾಳಿ ತಿರುಗಿದರೂ ಭಾರದ ಕಣ ತಿರುಗಲಾರದೆ ಸ್ಪಂಜಿನ ಎಳೆಗೆ ಬಡಿಯುತ್ತದೆ. ಎಳೆಯ ಮೇಲಿನ ಎಣ್ಣೆ ಅದನ್ನು ಬಿಡುವುದಿಲ್ಲ. ಎಣ್ಣೆ ಇಲ್ಲದಿದ್ದರೆ ಕಣ ಬಡಿದು ಪುಟಿದು ಒಳಗೇ ಹೋಗುತ್ತದೆ. ಒಣ ಸ್ಪಂಜು ಹಾಕಿ ಓಡಿಸುವವರು ಫಿಲ್ಟರಿನ ಅರ್ಧ ಭಾಗವನ್ನು ಅಂಗಡಿಯಲ್ಲೇ ಬಿಟ್ಟು ಬಂದಂತೆ.

ಸ್ಪಂಜಿನ ಬದಲು ಕಾಗದದ ಫಿಲ್ಟರ್ ಇದ್ದರೆ ಅದರ ಬಲ ಇರುವುದು ಮಡಿಕೆಗಳಲ್ಲಿ. 8 ಸೆಂಟಿಮೀಟರ್ ಎತ್ತರದ, ಒಂದೂವರೆ ಸೆಂಟಿಮೀಟರ್ ಆಳದ 50 ಮಡಿಕೆ ಇದ್ದರೆ ಒಟ್ಟು 1,200 ಚದರ ಸೆಂಟಿಮೀಟರ್ ಕಾಗದ ಸಿಗುತ್ತದೆ. ನೋಡಲು ಹಾಗೇ ಇರುವ ಅಗ್ಗದ ಮಾಲಿನಲ್ಲಿ ಮಡಿಕೆ 30 ಆದರೆ ಕಾಗದ 720ಕ್ಕೆ ಇಳಿಯುತ್ತದೆ. ಅಷ್ಟೇ ಗಾಳಿ ಕಡಿಮೆ ಜಾಗದಲ್ಲಿ ನುಗ್ಗಬೇಕಾದ್ದರಿಂದ ಬೇಗ ಕಟ್ಟುತ್ತದೆ. ಕೊಳ್ಳುವಾಗ ಮಡಿಕೆ ಎಣಿಸಿ ನೋಡುವುದಕ್ಕೆ ದುಡ್ಡೇನೂ ಬೇಕಿಲ್ಲ.

ಕಟ್ಟಿದ ಫಿಲ್ಟರಿನಿಂದ ಕಾರ್ಬುರೇಟರಿಗೆ ಗಾಳಿ ಸಾಲದೆ ಪೆಟ್ರೋಲಿನ ಪಾಲು ಹೆಚ್ಚುತ್ತದೆ. ಪ್ಲಗ್ ಕಪ್ಪಾಗುತ್ತದೆ, ಪಿಕಪ್ ಹೋಗುತ್ತದೆ, ಮೈಲೇಜ್ ಇಳಿಯುತ್ತದೆ. ಈಗಿನ ಫ್ಯೂಯೆಲ್ ಇಂಜೆಕ್ಷನ್ ಗಾಡಿಗಳಲ್ಲಿ ಗಾಳಿ ತಗ್ಗಿದರೆ ಪೆಟ್ರೋಲನ್ನೂ ತಗ್ಗಿಸುವ ವ್ಯವಸ್ಥೆ ಇದೆ, ಹಳೇ ಕಾರ್ಬುರೇಟರಿಗೆ ಆ ಬುದ್ಧಿ ಇಲ್ಲ. ಹಾಗೆಂದು ಫಿಲ್ಟರ್ ಕಿತ್ತೇ ಓಡಿಸಿದರೆ ಧೂಳಿನ ಜೊತೆ ಇನ್ನೊಂದು ಗಂಡಾಂತರ. ಕಾರ್ಬುರೇಟರಿನ ಜೆಟ್ಟುಗಳನ್ನು ಫಿಲ್ಟರ್ ಒಡ್ಡುವ ತಡೆಯನ್ನು ಲೆಕ್ಕಕ್ಕೆ ಹಿಡಿದೇ ಕೂರಿಸಿರುತ್ತಾರೆ. ತಡೆ ಇಲ್ಲವಾದರೆ ಗಾಳಿ ಹೆಚ್ಚಾಗಿ ಇಂಜಿನ್ ಕಾಯುತ್ತದೆ. ಬಹುತೇಕ ಹಳೇ ಯೆಜ್ಡಿಗಳಲ್ಲಿ ಎಣ್ಣೆ ಹೋಗುವುದು ಪೆಟ್ರೋಲಿನ ಜೊತೆಯಲ್ಲೇ. ಮಿಶ್ರಣದಲ್ಲಿ ಪೆಟ್ರೋಲ್ ತೆಳುವಾದರೆ ಎಣ್ಣೆಯೂ ತೆಳು. ಪಿಸ್ಟನ್ ಜಾಮ್ ಆಗಲು ಇಷ್ಟು ಸಾಕು.

ಇನ್ನು ಏನು ಕೊಳ್ಳಬೇಕು? ಹಳೇ ಸ್ಟಾಕಿನ ಒರಿಜಿನಲ್ ಸಿಕ್ಕಿತೆಂದು ಹಿಗ್ಗುವ ಮೊದಲು ಸ್ಪಂಜನ್ನು ಬೆರಳಲ್ಲಿ ಹಿಸುಕಿ ನೋಡಿ. ಪಾಲಿಯುರಿಥೇನ್ ಸ್ಪಂಜು ಕಪಾಟಿನಲ್ಲಿ ಕೂತೇ ಮುದಿಯಾಗುತ್ತದೆ. ಅದರಲ್ಲೂ ಪಾಲಿಯೆಸ್ಟರ್ ಬಗೆಯದಾದರೆ ಕರಾವಳಿಯ ತೇವ ಅದರ ಅಣುಸರಪಳಿಯನ್ನು ನಿಧಾನಕ್ಕೆ ತುಂಡರಿಸುತ್ತದೆ. ಸೀಲ್ ಒಡೆಯದ ಡಬ್ಬಿಯೊಳಗಿನದೂ ಮುಟ್ಟಿದರೆ ಪುಡಿಯಾಗಬಹುದು, ಆ ಪುಡಿ ನೇರ ಕಾರ್ಬುರೇಟರಿಗೆ. ಇಂಥ ಒರಿಜಿನಲ್‌ಗಿಂತ ಈಗ ತಯಾರಾದ ಬೇರೆ ಕಂಪೆನಿಯ ಮಾಲು ಎಷ್ಟೋ ವಾಸಿ. ಅದೂ ಸಿಗದಿದ್ದರೆ ಫಿಲ್ಟರಿಗೆಂದೇ ಮಾಡಿದ, ಗುಳ್ಳೆಗಳೆಲ್ಲ ಬಾಯಿ ತೆರೆದಿರುವ ಸ್ಪಂಜಿನ ಹಾಳೆ ತಂದು ಹಳೆಯದರ ಅಳತೆಗೆ ಕತ್ತರಿಸಿಕೊಳ್ಳಬಹುದು. ಹಾಸಿಗೆಯ ಸ್ಪಂಜು ಆಗದು. ಅದರ ಅನೇಕ ಗುಳ್ಳೆಗಳಿಗೆ ಇನ್ನೂ ಪೊರೆ ಇರುತ್ತದೆ, ಗಾಳಿ ಸರಾಗವಾಗಿ ಹಾಯುವುದಿಲ್ಲ.

ಗಾಡಿಯಲ್ಲಿರುವ ಸ್ಪಂಜು ಗಟ್ಟಿಮುಟ್ಟಾಗಿದ್ದರೆ ಹೊಸದೇ ಬೇಡ. ಸೋಪಿನ ನೀರಿನಲ್ಲಿ ಅದ್ದಿ ಹಿಸುಕಿ ತೊಳೆಯಿರಿ, ಬಟ್ಟೆಯಂತೆ ಹಿಂಡಿದರೆ ಹರಿಯುತ್ತದೆ. ಪೆಟ್ರೋಲಿನಲ್ಲಿ ತೊಳೆಯುವ ರೂಢಿ ಬಿಡಿ: ಬೆಂಕಿಯ ಭಯ ಒಂದು ಕಡೆ, ಅಂಟು ಬಿಡುವುದು ಇನ್ನೊಂದು ಕಡೆ. ನೆರಳಲ್ಲಿ ಪೂರ್ತಿ ಒಣಗಿಸಿ, ಇಂಜಿನ್ ಆಯಿಲ್ ಹಚ್ಚಿ, ತೊಟ್ಟಿಕ್ಕದಷ್ಟು ಹಿಸುಕಿ ತೆಗೆಯಿರಿ. ಮಂಗಳೂರಿನ ಜೂನ್, ಜುಲೈಯಲ್ಲಿ ಒಣಗಲು ಒಂದು ರಾತ್ರಿ ಸಾಲದು. ಕಾಗದದ ಫಿಲ್ಟರಿಗೆ ನೀರು ತಾಗಿಸಬಾರದು. ಮೆಲ್ಲಗೆ ತಟ್ಟಿ, ಗಾಳಿ ಹೊಡೆಯುವುದಾದರೆ ಕಡಿಮೆ ಒತ್ತಡದಲ್ಲಿ ಒಳಗಿನಿಂದ ಹೊರಕ್ಕೆ ಹೊಡೆಯಬೇಕು. ಒಳಗೆ ಟಾರ್ಚ್ ಹಿಡಿದಾಗ ಸೂಜಿಮೊನೆಯಷ್ಟು ಬೆಳಕು ನೇರ ಬಂದರೂ ಅದನ್ನು ಎಸೆಯುವುದೇ.

ಆದರೆ ಎಷ್ಟೇ ಒಳ್ಳೆಯ ಫಿಲ್ಟರಾದರೂ ಸೋಲುವುದು ಅಂಚಿನಲ್ಲಿ. ಗಾಳಿ ಯಾವಾಗಲೂ ಸುಲಭದ ದಾರಿ ಹಿಡಿಯುತ್ತದೆ. ಅಂಚಿನಲ್ಲಿ ಒಂದು ಮಿಲಿಮೀಟರ್ ಸಂದು ಇದ್ದರೆ ಸ್ಪಂಜಿನ ತಂಟೆಗೇ ಹೋಗದೆ ಆ ಸಂದಿನಲ್ಲೇ ಧೂಳಿನ ಸಮೇತ ನುಗ್ಗುತ್ತದೆ. ಉಳಿತಾಯ ಮಾಡುವುದಾದರೆ ಕಂಪೆನಿಯ ಹೆಸರಿನಲ್ಲಿ ಮಾಡಿ, ಅಳತೆಯಲ್ಲಿ ಬೇಡ. ಹಳೇ ಫಿಲ್ಟರನ್ನು ಅಂಗಡಿಗೆ ಒಯ್ದು ಉದ್ದ, ಅಗಲ, ದಪ್ಪ ಮೂರನ್ನೂ ಹೋಲಿಸಿ. ಕೂರಿಸುವಾಗ ಅಂಚಿಗೆ ತೆಳುವಾಗಿ ಗ್ರೀಸ್ ಸವರಿ. ಕಾರ್ಬುರೇಟರಿಗೆ ಹೋಗುವ ರಬ್ಬರ್ ಪೈಪು ಬಿರಿದಿದೆಯೇ ನೋಡಿ.

ಒಂದು ವಾರ ಓಡಿಸಿದ ಮೇಲೆ ಫಿಲ್ಟರ್ ತೆಗೆದು, ಆ ಪೈಪಿನ ಒಳಗೆ ಬಿಳಿ ಬಟ್ಟೆಯಲ್ಲಿ ಒರೆಸಿ. ಬಟ್ಟೆ ಬೆಳ್ಳಗೇ ಬಂದರೆ ಕೆಲವು ನೂರು ರೂಪಾಯಿಯ ಫಿಲ್ಟರು ಕೆಲವು ಸಾವಿರದ ಬೋರ್ ಕೆಲಸವನ್ನು ಸದ್ಯಕ್ಕೆ ಮುಂದೂಡಿದೆ ಎಂದರ್ಥ. ಕೆಂಪಾಗಿ ಬಂದರೆ ಇನ್ನೊಂದು ಫಿಲ್ಟರ್ ತರಲು ಓಡಬೇಡಿ. ಮೊದಲು ಪೈಪಿನ ಕ್ಲಿಪ್ ಬಿಗಿ ಮಾಡಿ, ಅಂಚು ಮತ್ತೆ ಕೂರಿಸಿ, ಇನ್ನೊಂದು ವಾರ ಬಿಟ್ಟು ಪುನಃ ಒರೆಸಿ.