ನೆಲಕ್ಕೆ ಕಿವಿಗೊಟ್ಟ ಗೌರಿಬಿದನೂರು

2021ರ ಡಿಸೆಂಬರ್ 22ರ ಬೆಳಗ್ಗೆ ಚಿಕ್ಕಬಳ್ಳಾಪುರ ಜಿಲ್ಲೆಯ ಕೆಲವು ಹಳ್ಳಿಗಳಲ್ಲಿ ನೆಲ ಎರಡು ಸಲ ಅದುರಿತು. ತೀವ್ರತೆ ಮೂರರ ಆಸುಪಾಸು. ಸ್ಕಂದಗಿರಿ, ನಂದಿಬೆಟ್ಟಗಳ ಈ ಕಗ್ಗಲ್ಲಿನ ಸೀಮೆಯಲ್ಲಿ ಪಾತ್ರೆ ಸದ್ದಾದರೆ ಮೊದಲು ಅನುಮಾನ ಹೋಗುವುದು ಕ್ವಾರಿಯ ಕಡೆಗೆ. ಅದೇ ವರ್ಷ ಫೆಬ್ರುವರಿಯಲ್ಲಿ ಹಿರೇನಾಗವಲ್ಲಿ ಬಳಿ ಜಿಲೆಟಿನ್ ಸ್ಫೋಟಿಸಿ ಆರು ಮಂದಿ ಸತ್ತಿದ್ದರು. ಕಲ್ಲು ಸಿಡಿಸಿದರೋ, ಭೂಮಿಯೇ ನಡುಗಿತೋ?

ಇದೇ ಪ್ರಶ್ನೆ ಅರವತ್ತು ವರ್ಷದ ಹಿಂದೆ ಜಗತ್ತಿನ ದೊಡ್ಡ ದೇಶಗಳ ನಿದ್ದೆಗೆಡಿಸಿತ್ತು. ಸ್ಕಂದಗಿರಿಯ ವಾಯವ್ಯಕ್ಕಿರುವ ಗೌರಿಬಿದನೂರಿನಲ್ಲಿ ಒಂದು ಕೇಂದ್ರ ಹುಟ್ಟಿದ್ದು ಆ ಪ್ರಶ್ನೆಯಿಂದಲೇ.

1957ರಲ್ಲಿ ಅಮೆರಿಕ ನೆವಾಡದ ನೆಲದಡಿಯಲ್ಲಿ ಅಣುಬಾಂಬು ಸಿಡಿಸಿತು. ಆಕಾಶದಲ್ಲಿ ಸಿಡಿದದ್ದು ಬೂದಿಯಿಂದ ಪತ್ತೆಯಾಗುತ್ತದೆ. ನೆಲದೊಳಗಿನದಕ್ಕೆ ಮುಖ್ಯ ಸಾಕ್ಷಿ ಕಂಪನ. ಮರುವರ್ಷ ಜಿನೀವಾದಲ್ಲಿ ಸೇರಿದ ತಜ್ಞರು ಭೂಮಿಯ ಮೇಲೆ 160-170 ಕಾವಲು ಠಾಣೆಗಳು ಬೇಕೆಂದರು. ಆದರೆ ಯಾರ ನೆಲಕ್ಕೆ ಯಾರು ಹೋಗಿ ತಪಾಸಣೆ ಮಾಡುವುದೆಂಬಲ್ಲಿ ಮಾತು ಮುರಿಯಿತು. 1963ರ ಒಪ್ಪಂದ ವಾತಾವರಣ, ಅಂತರಿಕ್ಷ, ನೀರಿನೊಳಗಿನ ಪರೀಕ್ಷೆಗಳನ್ನು ನಿಷೇಧಿಸಿ, ನೆಲದಡಿಯದನ್ನು ಹೊರಗಿಟ್ಟಿತು. ದೂರದಿಂದಲೇ ಆಲಿಸುವ ಕಲೆಗೆ ಬೆಲೆ ಬಂದದ್ದು ಆಗ. ಬ್ರಿಟನ್ನಿನ ಪರಮಾಣು ಶಕ್ತಿ ಪ್ರಾಧಿಕಾರ ಸ್ಕಾಟ್ಲೆಂಡ್, ಕೆನಡಾ, ಆಸ್ಟ್ರೇಲಿಯಗಳಲ್ಲಿ ನೆಟ್ಟಂಥದೇ ಕಂಪನಮಾಪಕಗಳ ಸಾಲು 1965ರಲ್ಲಿ ಭಾರತದ ಪರಮಾಣು ಶಕ್ತಿ ಇಲಾಖೆಯ ಜೊತೆಗೂಡಿ ಗೌರಿಬಿದನೂರಿನಲ್ಲಿ ಎದ್ದಿತು. ಹಳೆಯ ಗಟ್ಟಿ ಶಿಲೆಯ ಮೇಲೆ, ಇಂಗ್ಲಿಷಿನ ಎಲ್ ಅಕ್ಷರದಂತೆ ಚಾಚಿದ ಎರಡು ತೋಳು, ಇಪ್ಪತ್ತು ಮಾಪಕಗಳು.

ಇಪ್ಪತ್ತೇಕೆ? ಒಂದೇ ಮಾಪಕ ಕೊಡುವುದು ಗೆರೆಗಳನ್ನು: ಗಾಳಿ, ರೈಲು, ಲಾರಿ, ಭೂಕಂಪ ಎಲ್ಲ ಕಲಸಿದ ದತ್ತಾಂಶ. ದೂರದ ಅಲೆ ಒಂದೊಂದು ಮಾಪಕವನ್ನು ಒಂದೊಂದು ಗಳಿಗೆಗೆ ಮುಟ್ಟುತ್ತದೆ. ಆ ಅಂತರವನ್ನು ಸರಿದೂಗಿಸಿ ಇಪ್ಪತ್ತೂ ಗೆರೆಗಳನ್ನು ಕೂಡಿಸಿದರೆ ಸ್ಥಳೀಯ ಗದ್ದಲ ಕುಗ್ಗಿ, ಸಂಕೇತ ಸುಮಾರು ನಾಲ್ಕೂವರೆ ಪಟ್ಟು ಸ್ಪಷ್ಟವಾಗುತ್ತದೆ. ಅಲೆ ಯಾವ ದಿಕ್ಕಿನಿಂದ, ಎಷ್ಟು ದೂರದಿಂದ ಬಂತೆಂದು ಲೆಕ್ಕ ಸಿಗುತ್ತದೆ. ಅದು ಮಾಹಿತಿ.

ಬಾಂಬೋ ಭೂಕಂಪವೋ ಎಂಬುದು ಇನ್ನೂ ಹೊರಗೇ ನಿಂತಿರುತ್ತದೆ. ಸ್ಫೋಟ ಸುತ್ತಲ ಬಂಡೆಯನ್ನು ಎಲ್ಲ ದಿಕ್ಕಿಗೂ ತಳ್ಳುತ್ತದೆ. ಭೂಕಂಪದಲ್ಲಿ ಬಂಡೆ ಜಾರಿ, ಒಂದೆಡೆ ತಳ್ಳಿ ಇನ್ನೊಂದೆಡೆ ಎಳೆಯುತ್ತದೆ. ಸ್ಫೋಟದಲ್ಲಿ ಮೊದಲ ಅಲೆಯ ಬಲಕ್ಕೆ ಹೋಲಿಸಿದರೆ ಮೇಲ್ಮೈ ಅಲೆ ಕ್ಷೀಣ. ಇಷ್ಟು ಪುಸ್ತಕದಲ್ಲಿದೆ. ಯಾವ ಪ್ರದೇಶದ ಕಂಪನ ಇಲ್ಲಿಗೆ ಯಾವ ರೂಪದಲ್ಲಿ ಬರುತ್ತದೆಂಬುದು ಮಾತ್ರ ವರ್ಷಗಟ್ಟಲೆ ಗೆರೆ ನೋಡಿ ನೋಡಿ ಪಳಗಿದ ಕಣ್ಣಿಗೆ ಗೊತ್ತು. ಹಳೆಯ ಟೇಪುಗಳನ್ನು ಕಾಪಿಟ್ಟ, ಹಿರಿಯರ ಪಕ್ಕ ಕಿರಿಯರನ್ನು ಕೂರಿಸಿದ ಸಂಸ್ಥೆಗಷ್ಟೇ ಈ ಜ್ಞಾನ ಉಳಿಯುತ್ತದೆ. ಹೊಸ ಯಂತ್ರ ಕೊಂಡರೆ ಅದು ಜೊತೆಗೆ ಬರುವುದಿಲ್ಲ.

ಆ ಜ್ಞಾನವಿದ್ದರೂ ಒಮ್ಮತ ಖಾತ್ರಿಯಲ್ಲ. 1998ರ ಮೇ 11ರ ಪೋಖ್ರಾನ್ ಸ್ಫೋಟಗಳ ಅಲೆಗಳನ್ನು ನೋಡಿ ಹೊರದೇಶದ ಹಲವು ತಜ್ಞರು ಶಕ್ತಿ ಭಾರತ ಹೇಳಿದ್ದಕ್ಕಿಂತ ಕಡಿಮೆಯೆಂದರು. ಸುಮಾರು ಒಂದು ಕಿಲೋಮೀಟರ್ ಅಂತರದಲ್ಲಿ ಒಟ್ಟಿಗೆ ಸಿಡಿದ ಎರಡು ಸಾಧನಗಳ ಅಲೆಗಳು ಕೆಲವು ದಿಕ್ಕಿನಲ್ಲಿ ಪರಸ್ಪರ ಕುಗ್ಗಿಸಿಕೊಂಡವು ಎಂಬುದು ಭಾಭಾ ಪರಮಾಣು ಸಂಶೋಧನಾ ಕೇಂದ್ರದ ವಾದ. 2009ರಲ್ಲಿ ಆ ಪರೀಕ್ಷೆಯಲ್ಲಿ ಪಾಲ್ಗೊಂಡಿದ್ದ ಡಿಆರ್‌ಡಿಒದ ಕೆ. ಸಂತಾನಂ ಅವರೇ ಅಂದು ಸಿಡಿಸಿದ ಹೈಡ್ರೋಜನ್ ಬಾಂಬಿನ ಫಲಿತಾಂಶವನ್ನು ಪ್ರಶ್ನಿಸಿದರು.

ಚಿಕ್ಕಬಳ್ಳಾಪುರದ 2021ರ ನಡುಕಕ್ಕೆ ಕೆಲವು ತಜ್ಞರು ಕೊಟ್ಟ ಕಾರಣ, ನವೆಂಬರಿನ ಭಾರೀ ಮಳೆಯ ನೀರು ಬಂಡೆಯ ಬಿರುಕುಗಳಿಗೆ ಇಳಿದದ್ದು. ಇಂಥ ಮಾತು ತಜ್ಞರ ಬಾಯಿಂದ ಪತ್ರಿಕೆಗೆ ಬಂದು ಅಲ್ಲಿಗೇ ನಿಲ್ಲಬಾರದು. ನೆಲ ಅಲುಗಿದ ಗಂಟೆ, ಸದ್ದು ಮೊದಲೋ ಕಂಪನ ಮೊದಲೋ, ಆ ಹೊತ್ತಿಗೆ ಹತ್ತಿರದ ಕ್ವಾರಿಯಲ್ಲಿ ಕೆಲಸವಿತ್ತೋ ಇಲ್ಲವೋ: ಇಷ್ಟನ್ನು ಬರೆದಿಡಲು ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಒಂದು ರಿಜಿಸ್ಟರ್ ಸಾಕು. ಅದನ್ನು ಮಾಪಕದ ಗೆರೆಗಳ ಪಕ್ಕದಲ್ಲಿಟ್ಟು ಓದುವವರು ಗೌರಿಬಿದನೂರಿನಷ್ಟು ಹತ್ತಿರದಲ್ಲೇ ಇದ್ದಾರೆ.