ನೆರೆಯ ನೀರೂ ನಿಸ್ತಂತು ವಾರ್ತೆಯೂ

ಕಾವೇರಿಯ ನೆರೆ ಕ್ಷಣಮಾತ್ರದಲ್ಲಿ ಬಂದೆರಗುವುದಲ್ಲ. ಕೊಡಗಿನಲ್ಲಿ ಸುರಿದ ಮಳೆಯ ನೀರು ಕೃಷ್ಣರಾಜಸಾಗರವನ್ನು ಸೇರಿ, ಜಲಾಶಯವು 124.80 ಅಡಿಗಳ ಪೂರ್ಣಮಟ್ಟವನ್ನು ಸಮೀಪಿಸಿದಾಗ ಬಾಗಿಲುಗಳಿಂದ ಹೊರಬಿದ್ದು, ಶ್ರೀರಂಗಪಟ್ಟಣವನ್ನು ಬಳಸಿ, ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರ, ಮುತ್ತತ್ತಿಗಳ ಕಡೆಗೆ ಇಳಿಯುತ್ತದೆ. ಮದ್ದೂರಿನ ಪಕ್ಕದಲ್ಲಿ ಹರಿಯುವ ಶಿಂಷೆಯೂ ಶಿವನಸಮುದ್ರದ ಕೆಳಗೆ ಅದನ್ನು ಕೂಡಿಕೊಳ್ಳುತ್ತದೆ. ನೀರು ಈ ದಾರಿಯನ್ನು ಕ್ರಮಿಸುವ ಕೆಲವು ಗಂಟೆಗಳೇ ಹೊಳೆದಂಡೆಯ ಜನರಿಗಿರುವ ಅವಕಾಶ. ವಾರ್ತೆಯು ನೀರಿಗಿಂತ ಮುಂಚೆ ತಲುಪಿದರೆ ಮಕ್ಕಳುಮರಿ, ದನಕರುಗಳು ಉಳಿಯುತ್ತವೆ. ತಡವಾದರೆ ಆ ಅವಕಾಶ ಇದ್ದೂ ಇಲ್ಲದಂತೆಯೇ. ವಾರ್ತೆಯ ದಾರಿ ಮುರಿದಾಗ ಹವ್ಯಾಸಿ ರೇಡಿಯೋ ನಡೆಸುವ ಸ್ವಯಂಸೇವಕರು ಏನು ಮಾಡಬಲ್ಲರೆಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

1924ರ ಜುಲೈ ತಿಂಗಳಲ್ಲಿ ಕಾವೇರಿಗೆ ಮಹಾಪ್ರವಾಹ ಬಂದಾಗ ಕೃಷ್ಣರಾಜಸಾಗರದ ಕಟ್ಟೆ ಇನ್ನೂ ಪೂರ್ಣವಾಗಿರಲಿಲ್ಲ. 1939ರಲ್ಲಿ ರಚಿತವಾದ ಮಂಡ್ಯ ಜಿಲ್ಲೆಯ ಪ್ರದೇಶವೂ ಆಗ ಮೈಸೂರು ಜಿಲ್ಲೆಗೆ ಸೇರಿದ್ದಿತು. ನಿಸ್ತಂತು ಸಾಧನವು ಈ ಸೀಮೆಗೆ ಪರಿಚಿತವಾದುದು ತರುವಾಯ. ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ಮೈಸೂರಿನ ತಮ್ಮ ಮನೆಯಿಂದಲೇ 30 ವಾಟಿನ ಯಂತ್ರದ ಮೂಲಕ ಪ್ರಸಾರವನ್ನಾರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಪಡೆದ ಆ ನಿಲಯವನ್ನು 1942ರಲ್ಲಿ ಸಂಸ್ಥಾನದ ಸರ್ಕಾರ ವಹಿಸಿಕೊಂಡಿತು. ಒಬ್ಬ ಅಧ್ಯಾಪಕರ ಹವ್ಯಾಸ ಸಾರ್ವಜನಿಕ ಸಂಸ್ಥೆಯಾದುದಕ್ಕೆ ಇದು ಉಜ್ವಲ ನಿದರ್ಶನ. ಆದರೆ ಪ್ರಸಾರವು ಹೇಳುತ್ತದೆ, ಕೇಳಿಸಿಕೊಳ್ಳುವುದಿಲ್ಲ. ಹವ್ಯಾಸಿ ರೇಡಿಯೋವಿನಲ್ಲಿ ಎರಡೂ ಕಡೆಯವರು ಮಾತನಾಡಬಲ್ಲರು. ಆಪತ್ಕಾಲದಲ್ಲಿ ಬೇಕಾದುದು ಇದೇ.

ಮೊಬೈಲ್ ಫೋನ್ ಕೈಯಲ್ಲಿರುವಾಗ ಇದರ ಅಗತ್ಯವೇನೆಂಬ ಪ್ರಶ್ನೆ ಸಹಜ. ಫೋನು ಗೋಪುರವನ್ನೂ, ಗೋಪುರವು ವಿದ್ಯುತ್ತನ್ನೂ ದೂರದ ಸಂಪರ್ಕಜಾಲವನ್ನೂ ಅವಲಂಬಿಸಿವೆ. ಇವುಗಳಲ್ಲಿ ಒಂದು ಕೆಟ್ಟರೂ, ಎಲ್ಲರೂ ಒಮ್ಮೆಗೇ ಕರೆ ಮಾಡಿದರೂ ಮಾತು ನಿಲ್ಲುತ್ತದೆ. ಹವ್ಯಾಸಿಗೆ ಒಂದು ಯಂತ್ರ, ಒಂದು ತಂತಿ, ಒಂದು 12 ವೋಲ್ಟ್ ಬ್ಯಾಟರಿ ಸಾಕು. ಮಂಡ್ಯ, ಮದ್ದೂರು, ಮಳವಳ್ಳಿಗಳು ನೇರವಾಗಿ ಅಳೆದರೆ ಒಂದಕ್ಕೊಂದು 25 ಕಿಲೋಮೀಟರುಗಳೊಳಗೇ ಇವೆ. ಎತ್ತರದಲ್ಲಿ ಆಂಟೆನಾ ಕಟ್ಟಿದರೆ 144 ಮೆಗಾಹರ್ಟ್ಸಿನ ಅಲೆಗಳಿಗೆ ಈ ದೂರ ಹೆಚ್ಚಿನದಲ್ಲ. ಈ ಅಲೆಗಳು ಬಹುಮಟ್ಟಿಗೆ ನೇರವಾಗಿ ಸಾಗುವುದರಿಂದ ಮುತ್ತತ್ತಿಯಂಥ ಬೆಟ್ಟಕಾಡುಗಳ ತಗ್ಗಿನ ಸ್ಥಳಕ್ಕೆ ಗುಡ್ಡದ ಮೇಲೆ ನಿಂತು ಮಾತನ್ನು ದಾಟಿಸುವವರೊಬ್ಬರು ಬೇಕು. 7 ಮೆಗಾಹರ್ಟ್ಸಿನ ಅಲೆಗಳಾದರೋ ಮೇಲಕ್ಕೆ ಹೋಗಿ ಅಯಾನುಗೋಳದಿಂದ ಮರಳಿ ಬರುವುದರಿಂದ ನೂರಾರು ಕಿಲೋಮೀಟರುಗಳವರೆಗೆ ಕೇಳಿಸುತ್ತವೆ. ಕೊಡಗು, ಬೆಂಗಳೂರುಗಳೊಡನೆ ಮಾತನಾಡಲು ಇವು ತಕ್ಕುವು.

ಯಂತ್ರಕ್ಕಿಂತ ಶಿಸ್ತು ಮುಖ್ಯ. ಪರೀಕ್ಷೆಯಲ್ಲಿ ಉತ್ತೀರ್ಣರಾಗಿ ಕೇಂದ್ರ ಸರ್ಕಾರದ ಪರವಾನಗಿ ಪಡೆದವರಷ್ಟೇ ಇದನ್ನು ನಡೆಸಬಹುದು. ತಂಡದಲ್ಲಿ ಒಂದು ಕೇಂದ್ರವು ನಿಯಂತ್ರಣ ವಹಿಸುತ್ತದೆ. ಉಳಿದವರು ಕರೆದಾಗ ಮಾತ್ರ ಮಾತನಾಡುತ್ತಾರೆ. ಸಂದೇಶವನ್ನು ವೇಳೆ, ಸ್ಥಳ, ಕಳುಹಿಸಿದವರ ಹೆಸರುಗಳೊಡನೆ ಬರೆದುಕೊಂಡು, ಮರಳಿ ಓದಿ, ಸರಿಯೆಂದು ಖಚಿತಪಡಿಸಿಕೊಳ್ಳಬೇಕು. ‘ಕಟ್ಟೆ ಒಡೆಯಿತು’ ಎಂಬ ಒಂದು ಗಾಳಿಮಾತು ನೆರೆಗಿಂತ ಹೆಚ್ಚು ಹಾನಿ ಮಾಡಬಲ್ಲದು. ಪೊಲೀಸರಿಗೆ ತಮ್ಮದೇ ನಿಸ್ತಂತು ಜಾಲವುಂಟು. ಗಂಜಿಕೇಂದ್ರಕ್ಕೆ ಬೇಕಾದ ಔಷಧ, ಚದುರಿದ ಕುಟುಂಬದವರ ಕ್ಷೇಮಸಮಾಚಾರ ಮೊದಲಾದ ಸಂದೇಶಗಳನ್ನು ಸ್ವಯಂಸೇವಕರು ಹೊತ್ತರೆ ಅದರ ಭಾರ ಇಳಿಯುತ್ತದೆ. ಆಜ್ಞೆ ನೀಡುವುದು, ಜನರನ್ನು ತೆರವುಗೊಳಿಸುವುದು ಅವರ ಕೆಲಸವಲ್ಲ.

ಮುನ್ಸಿದ್ಧತೆಯ ಬೆಲೆಯನ್ನು ಕಾವೇರಿ ಸೀಮೆಯ ಹೊರಗಿನದಾದರೂ ಒಂದು ಘಟನೆ ಸ್ಪಷ್ಟಪಡಿಸುತ್ತದೆ. 2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಅವರ ನೇತೃತ್ವದ ಹವ್ಯಾಸಿಗಳ ತಂಡವೊಂದು ದೂರದೇಶದವರೊಡನೆ ರೇಡಿಯೋ ಸಂಪರ್ಕದ ಪ್ರಯೋಗಕ್ಕಾಗಿ ಅಂಡಮಾನಿನ ಪೋರ್ಟ್ ಬ್ಲೇರಿಗೆ ಹೋಗಿದ್ದಿತು. ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿತು. ತಂಡವು ಹವ್ಯಾಸವನ್ನು ಬದಿಗಿಟ್ಟು ದ್ವೀಪಗಳ ಮತ್ತು ದೇಶದ ಉಳಿದ ಭಾಗದ ನಡುವೆ ಸಂದೇಶಗಳನ್ನು ಸಾಗಿಸಿತು. ಯಂತ್ರವೂ ಅದನ್ನು ಬಲ್ಲವರೂ ಅನಾಹುತಕ್ಕೆ ಮುಂಚೆಯೇ ಅಲ್ಲಿದ್ದುದರಿಂದಲೇ ಇದು ಸಾಧ್ಯವಾಯಿತು.

ನಮ್ಮ ಸೀಮೆಗೂ ಇದೇ ಪಾಠ. ನೆರೆ ಬಂದ ದಿನ ಪರವಾನಗಿ ದೊರೆಯದು, ಅಭ್ಯಾಸವೂ ಕೈಗೂಡದು. ಮಂಡ್ಯದಲ್ಲಿ 1962ರಿಂದ ಇಂಜಿನಿಯರಿಂಗ್ ಕಾಲೇಜಿದೆ; ಮದ್ದೂರು, ಮಳವಳ್ಳಿಗಳಲ್ಲಿಯೂ ಕಾಲೇಜುಗಳಿವೆ. ಭೌತಶಾಸ್ತ್ರದ ವಿದ್ಯಾರ್ಥಿ ಅಲೆಯ ಗತಿಯನ್ನೂ, ಭೂಗೋಳದ ವಿದ್ಯಾರ್ಥಿ ಹೊಳೆಯ ಪಾತ್ರವನ್ನೂ, ಇತಿಹಾಸದ ವಿದ್ಯಾರ್ಥಿ ಹಿಂದಿನ ನೆರೆಗಳ ದಾಖಲೆಯನ್ನೂ ಅರಿತು ಬೇಸಿಗೆಯಲ್ಲಿಯೇ ಕಲೆತು ಅಭ್ಯಾಸ ಮಾಡಿದರೆ, ಮಳೆಗಾಲದ ಒಂದು ರಾತ್ರಿ ಆ ಶ್ರಮ ಹೊಳೆದಂಡೆಯ ಒಂದು ಊರನ್ನು ಹೊತ್ತಿಗೆ ಮುಂಚೆ ಎಬ್ಬಿಸೀತು.