ಥಾಯ್ಲೆಂಡ್ ಪ್ರವಾಸ: ಪರಿಚಿತವೆನಿಸುವ ಪರನಾಡು

ಮಹಾನಗರಗಳಲ್ಲಿ ನೆಲೆಸಿರುವ ನಮ್ಮ ಅನೇಕ ಕನ್ನಡ ಕುಟುಂಬಗಳಿಗೆ ಮೊದಲ ವಿದೇಶ ಪ್ರವಾಸವೆಂದರೆ ಥಾಯ್ಲೆಂಡ್. ಸುಮಾರು ನಾಲ್ಕು ತಾಸಿನ ವಿಮಾನಯಾನ. ಗಡಿಯಾರವನ್ನು ಒಂದೂವರೆ ತಾಸು ಮುಂದಿಟ್ಟರಾಯಿತು. ಆದರೆ ಹೋಗಿ ಬಂದವರ ಮಾತಿನಲ್ಲಿ ಕಡಲತೀರ ಮತ್ತು ಅಂಗಡಿ ಬೀದಿಗಳ ವರ್ಣನೆಯೇ ಹೆಚ್ಚು. ಇಲ್ಲವೇ "ಅಲ್ಲಿರುವುದೆಲ್ಲ ನಮ್ಮದೇ" ಎಂಬ ಹೆಮ್ಮೆಯ ಮಾತು. ಕೆಲವು ಕುಟುಂಬಗಳು ಕೂಡಿ ಚಳಿಗಾಲದಲ್ಲಿ ಹೊರಟ ನಾವೂ ಅದೇ ಭಾವನೆಯನ್ನು ಹೊತ್ತು ಹೋಗಿದ್ದೆವು. ಮರಳುವಾಗ ಆ ಮಾತು ಅಷ್ಟು ಸುಲಭವಾಗಿ ಬಾಯಿಗೆ ಬರಲಿಲ್ಲ. ಏಕೆಂಬುದನ್ನು, ಮುಂದೆ ಹೋಗಲಿರುವ ಓದುಗರ ಉಪಯೋಗಕ್ಕಾಗಿ ಇಲ್ಲಿ ನಿವೇದಿಸುತ್ತೇವೆ.

ದೇವನಗರಿ

ಬ್ಯಾಂಕಾಕ್ ಎಂಬುದು ಹೊರಗಿನವರು ಕರೆಯುವ ಹೆಸರು. ಥಾಯ್ ಜನರಿಗೆ ಅದು 'ಕ್ರುಂಗ್ ಥೇಪ್', ಅಂದರೆ ದೇವನಗರಿ. 1782ರಲ್ಲಿ ಚಕ್ರಿ ವಂಶದ ಒಂದನೆಯ ರಾಮ ಈ ರಾಜಧಾನಿಯನ್ನು ಸ್ಥಾಪಿಸಿದ. ಊರಿನ ಪೂರ್ಣ ನಾಮಧೇಯವು ಜಗತ್ತಿನ ಅತಿ ದೀರ್ಘ ಸ್ಥಳನಾಮವೆಂದು ಪ್ರಸಿದ್ಧವಾಗಿದೆ. ಅದನ್ನು ನಿಧಾನವಾಗಿ ಆಲಿಸಿದರೆ ಮಹೇಂದ್ರ, ಅಯೋಧ್ಯೆ, ವಿಶ್ವಕರ್ಮ ಎಂಬ ಪದಗಳು ಥಾಯ್ ಉಚ್ಚಾರದ ಮುಸುಕಿನೊಳಗಿನಿಂದ ಇಣುಕುತ್ತವೆ.

ನಗರದ ಹಳೆಯ ಭಾಗದಲ್ಲಿ ಕೆಂಪು ಬಣ್ಣದ ಬೃಹತ್ ಉಯ್ಯಾಲೆ ಕಂಬಗಳಿವೆ. ಸಮೀಪದಲ್ಲೇ ದೇವಸ್ಥಾನವೆಂಬ ಹೆಸರಿನ ಬ್ರಾಹ್ಮಣ ಮಂದಿರವಿದೆ. ಇಲ್ಲಿ ಪ್ರತಿವರ್ಷ ನಡೆಯುತ್ತಿದ್ದ ಉಯ್ಯಾಲೆ ಉತ್ಸವವು 1935ರ ವೇಳೆಗೆ ನಿಂತುಹೋಯಿತು. ಉತ್ಸವದ ಹೆಸರಾದ 'ತ್ರಿಯಂಪವಾಯಿ' ಎಂಬುದಕ್ಕೆ ಮೂಲ ತಮಿಳಿನ ತಿರುವೆಂಪಾವೈ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಅರಮನೆಯ ಬ್ರಾಹ್ಮಣರು ಮೇ ತಿಂಗಳಿನ ರಾಜ ನೇಗಿಲುಪೂಜೆಯನ್ನು ಇಂದಿಗೂ ನಡೆಸಿಕೊಡುತ್ತಾರೆ. ಏಪ್ರಿಲ್ 13ರಂದು ಆರಂಭವಾಗುವ 'ಸೊಂಗ್‌ಕ್ರಾನ್' ಹೊಸವರ್ಷವು ನಮ್ಮ ಸಂಕ್ರಾಂತಿ ಎಂಬ ಶಬ್ದವೇ. ತುಳುವರ ಬಿಸು ಹಬ್ಬವೂ ಸೂರ್ಯನು ಮೇಷರಾಶಿಗೆ ಬರುವ ಅದೇ ದಿನಗಳಲ್ಲಿ ಬರುತ್ತದೆ. ಬೀದಿಯಲ್ಲಿ ನೀರೆರಚುವ ಗದ್ದಲವಷ್ಟೇ ನಮ್ಮ ದೂರದರ್ಶನಗಳಲ್ಲಿ ಕಾಣುವುದು. ಮನೆಯೊಳಗೆ ಮಕ್ಕಳು ಹಿರಿಯರ ಕೈಗೆ ಪರಿಮಳದ ನೀರೆರೆದು ಆಶೀರ್ವಾದ ಬೇಡುವುದು ಈ ಹಬ್ಬದ ತಿರುಳು.

ಗೋಡೆಯ ಮೇಲಿನ ರಾಮಾಯಣ

ಅರಮನೆಯ ಆವರಣದಲ್ಲಿರುವ 'ವಾಟ್ ಫ್ರಾ ಕೇವ್' ಮಂದಿರದಲ್ಲಿ ಪಚ್ಚೆಯ ಬುದ್ಧನಿದ್ದಾನೆ. ವಿಗ್ರಹವು ವಾಸ್ತವವಾಗಿ ಹಸಿರು ಶಿಲೆಯದು. ಎತ್ತರ ಸುಮಾರು 66 ಸೆಂಟಿಮೀಟರ್ ಮಾತ್ರ. ಬೇಸಿಗೆ, ಮಳೆ, ಚಳಿ ಎಂಬ ಮೂರು ಋತುಗಳಿಗೆ ಮೂರು ಬಗೆಯ ಚಿನ್ನದ ಉಡುಗೆ. ಅದನ್ನು ಬದಲಿಸುವುದು ದೊರೆಯ ಕರ್ತವ್ಯ.

ಮಂದಿರವನ್ನು ಸುತ್ತುವರಿದ ಪೌಳಿಯ ಒಳಗೋಡೆಯ ಮೇಲೆ 178 ಚಿತ್ರಗಳಲ್ಲಿ ಇಡೀ 'ರಾಮಕಿಯನ್' ಹರಡಿಕೊಂಡಿದೆ. ಇದು ಒಂದನೆಯ ರಾಮನ ಕಾಲದಲ್ಲಿ ಕಾವ್ಯರೂಪ ತಾಳಿದ ಥಾಯ್ ರಾಮಾಯಣ. ಫ್ರಾ ರಾಮ್, ಫ್ರಾ ಲಕ್, ನಾಂಗ್ ಸೀದಾ ಯಾರೆಂದು ಹೇಳಬೇಕಾಗಿಲ್ಲ. 'ಥೊತ್ಸಕನ್' ಎಂದರೆ ದಶಕಂಠನಾದ ರಾವಣ.

ನಮ್ಮ ತಂಡದಲ್ಲಿ ಕರಾವಳಿ ಮೂಲದ ಹಿರಿಯರೊಬ್ಬರಿದ್ದರು. ನಾವೆಲ್ಲ ಅವರನ್ನು ರಾಯರೆಂದೇ ಕರೆಯುವುದು. ಬಾಲ್ಯದಿಂದಲೂ ಯಕ್ಷಗಾನದ ಹುಚ್ಚಿನವರು. ಸೇತುಬಂಧನದ ಕಲ್ಲುಗಳನ್ನು ಕದ್ದೊಯ್ಯುವ ಮತ್ಸ್ಯಕನ್ಯೆಯನ್ನು ಹನುಮಂತನು ಅಟ್ಟಿಸಿಕೊಂಡು ಹೋಗಿ, ಕೊನೆಗೆ ಅವಳನ್ನೇ ಪ್ರೀತಿಸುವ ಕಥೆಯನ್ನು ಮಾರ್ಗದರ್ಶಿ ಹೆಣ್ಣುಮಗಳು ಹೇಳತೊಡಗಿದಾಗ ರಾಯರ ಮುಖ ಕೆಂಪಾಯಿತು. "ಇದು ತಪ್ಪು ರಾಮಾಯಣ. ಹನುಮಂತ ಬ್ರಹ್ಮಚಾರಿ ಎಂಬುದೂ ಇವರಿಗೆ ಗೊತ್ತಿಲ್ಲವೇ?" ಎಂದು ನಮ್ಮತ್ತ ತಿರುಗಿ ಗಟ್ಟಿಯಾಗಿಯೇ ಹೇಳಿದರು. ಭಾಷೆ ತಿಳಿಯದಿದ್ದರೂ ಆಕೆಗೆ ಧ್ವನಿಯ ಇಂಗಿತ ತಿಳಿದಿರಬೇಕು. ನಸುನಕ್ಕು ಕಥೆ ಮುಂದುವರಿಸಿದಳು. ಆ ಮತ್ಸ್ಯಕನ್ಯೆಯ ಹೆಸರು ಸುವನ್ನಮಚ್ಛಾ, ನಮ್ಮ ಭಾಷೆಯಲ್ಲಿ ಸುವರ್ಣಮತ್ಸ್ಯೆ. ಅವಳಿಗೆ ಹುಟ್ಟಿದ ಮಗ ಮಚ್ಛಾನು. ದೇಹ ವಾನರನದು, ಬಾಲ ಮೀನಿನದು. ಮುಂದೆ 'ಮೈಯರಾಪ್' ಎಂಬ ರಾಕ್ಷಸನು ರಾಮನನ್ನು ಪಾತಾಳಕ್ಕೆ ಹೊತ್ತೊಯ್ದಾಗ, ಹುಡುಕಿ ಬಂದ ಹನುಮಂತನನ್ನು ದಾರಿಯಲ್ಲಿ ತಡೆದು ಹೋರಾಡುವವನು ಇದೇ ಮಗ.

ರಾಯರು ಥಟ್ಟನೆ ನಿಂತರು. "ಇದು ಮೈರಾವಣ ಕಾಳಗ ಅಲ್ಲವೋ!" ಎಂದರು. ಹನುಮಂತನ ಬೆವರ ಹನಿಯನ್ನು ನುಂಗಿದ ಮೀನಿಗೆ ಹುಟ್ಟಿದ ಮಗನು ತಂದೆಯನ್ನೇ ಎದುರಿಸುವ ಪ್ರಸಂಗವನ್ನು ಅವರು ಎಳೆಯ ವಯಸ್ಸಿನಲ್ಲಿ ಬಯಲಾಟದಲ್ಲಿ ರಾತ್ರಿಯೆಲ್ಲ ಕುಳಿತು ನೋಡಿದವರು. ಅಂದು ಸಂಜೆ ಚಾವೊ ಫ್ರಾಯಾ ನದಿಯ ದೋಣಿಯಲ್ಲಿ ಎರಡೂ ಕಥೆಗಳನ್ನು ಮೊಮ್ಮಕ್ಕಳಿಗೆ ಒಂದರ ಪಕ್ಕದಲ್ಲಿ ಇನ್ನೊಂದನ್ನಿಟ್ಟು ಹೇಳಿದರು. ಆದರೆ ತಪ್ಪು ಎಂಬ ಪದವನ್ನು ಮತ್ತೆ ಬಳಸಲಿಲ್ಲ.

ಈ ಕಥೆಯನ್ನು ಆಡಿ ತೋರಿಸುವ ಮುಖವಾಡದ ನೃತ್ಯನಾಟಕವೇ 'ಖೋನ್'. 2018ರಲ್ಲಿ ಅದು ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು. ಯಕ್ಷಗಾನದಲ್ಲಿ ಭಾಗವತರು ಹಾಡಿದರೂ ಅರ್ಥವನ್ನು ವೇಷಧಾರಿಯೇ ಹೇಳುತ್ತಾನೆ. ಖೋನ್‌ನ ಮುಖವಾಡಧಾರಿ ಮಾತನಾಡುವುದಿಲ್ಲ. ಅವನ ಮಾತನ್ನೂ ಪಕ್ಕದಲ್ಲಿ ಕುಳಿತವರೇ ಆಡುತ್ತಾರೆ. ಕೋಪ, ಶೋಕ, ಶೃಂಗಾರಗಳೆಲ್ಲವನ್ನೂ ಅವನು ಕೈಕಾಲುಗಳಿಂದಲೇ ತಿಳಿಸಬೇಕು.

ಶಿರವಿಲ್ಲದ ಬುದ್ಧರು

ಬ್ಯಾಂಕಾಕಿನಿಂದ ಉತ್ತರಕ್ಕೆ ಸುಮಾರು 80 ಕಿಲೋಮೀಟರ್ ದೂರದ ಅಯುತ್ಥಾಯಕ್ಕೆ ರೈಲಿನಲ್ಲಿ ಹೋಗಿ ಸಂಜೆಗೆ ಮರಳಬಹುದು. ಹೆಸರು ಅಯೋಧ್ಯೆಯದಾದರೂ ನೋಡಿದಾಗ ನೆನಪಾಗುವುದು ನಮ್ಮ ಹಂಪೆ. ವಿಜಯನಗರದಂತೆಯೇ ಹದಿನಾಲ್ಕನೆಯ ಶತಮಾನದಲ್ಲಿ ಹುಟ್ಟಿ, ನಾಲ್ಕು ಶತಮಾನಗಳಿಗೂ ಮಿಕ್ಕಿ ವೈಭವದಿಂದ ಬಾಳಿದ ಈ ರಾಜಧಾನಿ 1767ರಲ್ಲಿ ಬರ್ಮೀಯರ ದಾಳಿಗೆ ಸಿಕ್ಕಿ ಸುಟ್ಟುಹೋಯಿತು. ಇಟ್ಟಿಗೆಯ ಸ್ತೂಪಗಳ ನಡುವೆ ಶಿರವಿಲ್ಲದ ಬುದ್ಧವಿಗ್ರಹಗಳು ಸಾಲಾಗಿ ಕುಳಿತಿವೆ. 'ವಾಟ್ ಮಹಾಥಾಟ್'ನಲ್ಲಿ ಬುದ್ಧನ ಶಿರವೊಂದು ಮರದ ಬೇರುಗಳೊಳಗೆ ಸಿಲುಕಿ ಶಾಂತವಾಗಿ ಹೊರನೋಡುತ್ತಿದೆ.

ಅಲ್ಲಿ ಚಿತ್ರ ತೆಗೆಸಿಕೊಳ್ಳುವವರು ನೆಲಕ್ಕೆ ಕುಳಿತುಕೊಳ್ಳಬೇಕು. ನಮ್ಮ ತಲೆ ಬುದ್ಧನ ತಲೆಗಿಂತ ಎತ್ತರದಲ್ಲಿರಬಾರದೆಂಬುದು ನಿಯಮ. ನಮ್ಮ ಮುಂದೆ ನಿಂತಿದ್ದ ಪ್ರವಾಸಿಗಳಿಗೆ ಕಾವಲುಗಾರನು ಕೈಸನ್ನೆಯಿಂದ ಅದನ್ನೇ ತಿಳಿಸುತ್ತಿದ್ದ. ಪಾಳುಬಿದ್ದ ಗುಡಿಯಲ್ಲೂ ದೇವರು ದೇವರೇ ಎಂಬ ಈ ನಡವಳಿಕೆ ನಮ್ಮ ಮನಸ್ಸಿನಲ್ಲಿ ಉಳಿಯಿತು. ಹಂಪೆಯ ಮಂಟಪಗಳ ಮೇಲೆ ಹತ್ತಿ ನಿಲ್ಲುವ ನಮ್ಮವರ ನೆನಪಾಗಿ ತುಸು ನಾಚಿಕೆಯೂ ಆಯಿತು.

ಕಾಡು ಮತ್ತು ಕಡಲು

ಬ್ಯಾಂಕಾಕಿನಿಂದ ಈಶಾನ್ಯಕ್ಕೆ ಸುಮಾರು ಮೂರು ತಾಸಿನ ದಾರಿಯಲ್ಲಿ 'ಖಾವೊ ಯಾಯ್' ಅರಣ್ಯವಿದೆ. 1962ರಲ್ಲಿ ಘೋಷಿತವಾದ ಇದು ಆ ದೇಶದ ಮೊದಲ ರಾಷ್ಟ್ರೀಯ ಉದ್ಯಾನ. ಬೆಳಗಿನ ಮಂಜಿನಲ್ಲಿ ಗಿಬ್ಬನ್ ವಾನರಗಳ ಕೂಗು ಕಣಿವೆಯಿಂದ ಕಣಿವೆಗೆ ಹಾಯುತ್ತದೆ. ದಾಂಡೇಲಿಯಲ್ಲಿ ಕಾಣುವ ದೊಡ್ಡ ಮಂಗಟ್ಟೆ ಹಕ್ಕಿ ಇಲ್ಲಿಯೂ ಉಂಟು. ಕಾಡಿನಲ್ಲಿ ಆನೆಗಳಿವೆ. 2019ರ ಅಕ್ಟೋಬರಿನಲ್ಲಿ ಇಲ್ಲಿಯ 'ಹೇವ್ ನರೋಕ್' ಜಲಪಾತದಿಂದ ಜಾರಿಬಿದ್ದು ಆನೆಗಳ ಒಂದು ಹಿಂಡೇ ಸತ್ತ ಸುದ್ದಿ ಓದುಗರಿಗೆ ನೆನಪಿರಬಹುದು. ನರೋಕ್ ಎಂದರೆ ನರಕ.

ದಕ್ಷಿಣದ ಫಂಗ್-ಙಾ ಕೊಲ್ಲಿಯಲ್ಲಿ ಸುಣ್ಣಕಲ್ಲಿನ ಬಂಡೆಗಳು ಹಸಿರು ನೀರಿನಿಂದ ನೇರವಾಗಿ ಮೇಲೆದ್ದಿವೆ. ಇನ್ನೂ ದಕ್ಷಿಣಕ್ಕೆ, ಫಿ ಫಿ ದ್ವೀಪಗಳ ಮಾಯಾ ಕೊಲ್ಲಿಯ ಕಥೆ ಮಾತ್ರ ವಿಚಾರಕ್ಕೆ ಹಚ್ಚುವಂಥದು. 2000ದಲ್ಲಿ ತೆರೆಕಂಡ ಹಾಲಿವುಡ್ ಚಿತ್ರವೊಂದರಿಂದ ಅದು ಜಗತ್ಪ್ರಸಿದ್ಧವಾಯಿತು. ಆ ಪುಟ್ಟ ತೀರಕ್ಕೆ ದಿನಕ್ಕೆ ಸಾವಿರಾರು ಜನ ಬರತೊಡಗಿ, ದೋಣಿಗಳ ಲಂಗರುಗಳಿಗೆ ಸಿಕ್ಕಿ ಹವಳದ ದಿಬ್ಬಗಳು ಪುಡಿಯಾದವು. 2018ರ ಜೂನ್‌ನಲ್ಲಿ ಸರಕಾರವು ಕೊಲ್ಲಿಯನ್ನು ಮುಚ್ಚಿ ಹವಳದ ಸಸಿಗಳನ್ನು ನೆಡಿಸಿತು. ಮೂರೂವರೆ ವರ್ಷ ಮನುಷ್ಯರಿಲ್ಲದ ಆ ನೀರಿಗೆ ಕಪ್ಪುರೆಕ್ಕೆಯ ಶಾರ್ಕ್ ಮೀನುಗಳು ಮರಳಿದವು. 2022ರ ಜನವರಿಯಲ್ಲಿ ಮತ್ತೆ ತೆರೆದಾಗ ದೋಣಿಗಳಿಗೆ ಕೊಲ್ಲಿಯೊಳಗೆ ಪ್ರವೇಶವಿರಲಿಲ್ಲ. ದ್ವೀಪದ ಹಿಂಬದಿಯಲ್ಲಿ ಇಳಿದು ನಡೆದು ಬರಬೇಕು, ಈಜುವಂತಿಲ್ಲ ಎಂಬ ಕಟ್ಟುಪಾಡುಗಳು ಬಂದವು. ಅನಂತರ ಪ್ರತಿವರ್ಷ ಆಗಸ್ಟ್, ಸೆಪ್ಟೆಂಬರ್ ತಿಂಗಳಲ್ಲಿ ಕೊಲ್ಲಿಗೆ ವಿಶ್ರಾಂತಿ ನೀಡುವ ಪದ್ಧತಿಯೂ ಆರಂಭವಾಯಿತು. ನಮ್ಮ ಮಕ್ಕಳಿಗೆ ನೀರಿಗಿಳಿಯಲಾಗದ ಬೇಸರವಿತ್ತು. ಕಾರಣ ತಿಳಿಸಿದ ಮೇಲೆ ಸುಮ್ಮನಾದರು.

ಹೊರಡುವ ಮುನ್ನ

ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಪ್ರವಾಸಕ್ಕೆ ಪ್ರಶಸ್ತ. ಫುಕೆಟ್, ಕ್ರಾಬಿಗಳಿರುವ ಪಶ್ಚಿಮ ತೀರದಲ್ಲಿ ಮೇ ತಿಂಗಳಿನಿಂದ ಅಕ್ಟೋಬರಿನವರೆಗೆ ಮಳೆ ಹೆಚ್ಚು. 2025ರ ಮೇ 1ರಿಂದ ಆಗಮನದ ವಿವರಗಳನ್ನು ಅಂತರ್ಜಾಲದಲ್ಲಿ ಮುಂಚಿತವಾಗಿ ತುಂಬುವುದು ಕಡ್ಡಾಯವಾಗಿದೆ, ಅದಕ್ಕೆ ಶುಲ್ಕವಿಲ್ಲ. ವೀಸಾ ನಿಯಮಗಳು ಆಗಾಗ ಬದಲಾಗುವುದರಿಂದ ಟಿಕೆಟು ಕೊಳ್ಳುವ ಮೊದಲು ರಾಯಭಾರ ಕಚೇರಿಯ ಪ್ರಕಟಣೆಯನ್ನು ನೋಡುವುದು ಲೇಸು.

ಮಂದಿರಗಳಲ್ಲಿ ಭುಜ ಮತ್ತು ಮೊಣಕಾಲು ಮುಚ್ಚುವ ಉಡುಪು ಅಗತ್ಯ. ಬುದ್ಧನತ್ತ ಕಾಲು ಚಾಚಿ ಕುಳಿತುಕೊಳ್ಳಬಾರದು; ಮಹಿಳೆಯರು ಭಿಕ್ಷುಗಳನ್ನು ಸ್ಪರ್ಶಿಸಬಾರದು. ಅರಮನೆಯ ಹೊರಗೆ ಅಪರಿಚಿತರು "ಇಂದು ರಜೆ, ಬೇರೆ ಕಡೆ ತೋರಿಸುತ್ತೇವೆ" ಎಂದರೆ ನಂಬಬೇಡಿ. ಆ ಸವಾರಿ ಹರಳಿನ ಅಂಗಡಿಯಲ್ಲಿ ಮುಗಿಯುತ್ತದೆ. ಸಸ್ಯಾಹಾರಿಗಳು 'ಜೇ' ಎಂಬ ಪದವನ್ನು ಕಲಿತಿರಬೇಕು. ತರಕಾರಿ ಪದಾರ್ಥಗಳಲ್ಲೂ ಮೀನಿನ ರಸ ಬೆರೆಸುವುದು ಅಲ್ಲಿ ಸಾಮಾನ್ಯ. ಜೇ ಅಡುಗೆಯಲ್ಲಿ ಅದಿರುವುದಿಲ್ಲ. ಈರುಳ್ಳಿ, ಬೆಳ್ಳುಳ್ಳಿಗಳೂ ಇರುವುದಿಲ್ಲವಾದ್ದರಿಂದ ನಮ್ಮ ಅನೇಕ ಹಿರಿಯರಿಗೆ ಅನುಕೂಲ.

ಮರಳುವ ದಿನ ಸುವರ್ಣಭೂಮಿ ವಿಮಾನನಿಲ್ದಾಣದ ನಿರ್ಗಮನ ವಿಭಾಗದಲ್ಲಿ ಸಮುದ್ರಮಥನದ ಭವ್ಯ ಶಿಲ್ಪದ ಮುಂದೆ ನಾವೆಲ್ಲ ನಿಂತೆವು. ಒಂದು ಕಡೆ ದೇವತೆಗಳು, ಇನ್ನೊಂದು ಕಡೆ ಅಸುರರು, ನಡುವೆ ವಾಸುಕಿ. "ನೋಡಿ ರಾಯರೇ, ಇದೂ ನಮ್ಮದೇ" ಎಂದು ಯಾರೋ ಎಂದರು. ರಾಯರು ಆ ಅಸುರರ ಕಿರೀಟಗಳನ್ನೂ ಕೋರೆಹಲ್ಲುಗಳನ್ನೂ ಬಹಳ ಹೊತ್ತು ನೋಡಿ, "ಕಥೆ ನಮ್ಮಲ್ಲಿಂದ ಬಂದಿರಬಹುದು. ಸಾಕಿ ಬೆಳೆಸಿದವರು ಇವರು. ಮುಂಬಯಿಯಲ್ಲಿ ಹುಟ್ಟಿದ ನನ್ನ ಮೊಮ್ಮಕ್ಕಳ ಕನ್ನಡ ನನ್ನ ಕನ್ನಡದ ಹಾಗಿಲ್ಲ. ಹಾಗೆಂದು ಅದು ಅವರದಲ್ಲವೇ?" ಎಂದರು.

ಹೊರನಾಡಿನಲ್ಲಿ ನುಡಿಯನ್ನೂ ಹಬ್ಬಗಳನ್ನೂ ಉಳಿಸಿಕೊಂಡು ಬಂದಿರುವ ನಮಗೆ ಆ ಪ್ರಶ್ನೆಗೆ ಉತ್ತರ ಹೇಳಬೇಕಾದ ಅಗತ್ಯ ಕಾಣಲಿಲ್ಲ.